ಮಾಸ್ತರ ಮನೆತನದ ಕಾಗದಪತ್ರ ಕೂಡಿಸಿದ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಮೂರು ತಲೆಮಾರಿನಿಂದ ಪಾಠ ಹೇಳಿಕೊಂಡು ಬಂದ ಮನೆಗಳು ಬಹಳ ಇವೆ. ಅಜ್ಜ ಸಾಲಿ ಮಾಸ್ತರ, ಅಪ್ಪ ಕಾಲೇಜಿನಲ್ಲಿ ಉಪನ್ಯಾಸಕ, ಮಕ್ಕಳಲ್ಲಿ ಒಬ್ಬರಾದರೂ ಪಿಎಚ್.ಡಿ. ಮಾಡಿದವರು. ಆದರೆ ಯಾರು ಎಲ್ಲಿ ಓದಿದರು, ಯಾವ ಪರೀಕ್ಷೆ ಪಾಸಾದರು, ಯಾವ ಊರಿನಿಂದ ಯಾವ ಊರಿಗೆ ವರ್ಗವಾದರು ಎಂದು ಕೇಳಿದರೆ ಮಾತು ಎರಡನೇ ತಲೆಮಾರಿಗೇ ನಿಂತುಬಿಡುತ್ತದೆ. ನಮ್ಮಲ್ಲಿ ತಂದೆಯ ಕಡೆಯವರು ಕೊಪ್ಪಳ ಸೀಮೆಯವರು, ತಾಯಿಯ ಕಡೆಯವರು ಬಳ್ಳಾರಿಯವರು. ಎರಡೂ ಕಡೆ ಮಾಸ್ತರಿಕೆಯೇ ವೃತ್ತಿ. ಆ ಕಾಗದಗಳನ್ನೆಲ್ಲ ಕೂಡಿಸಿ, ಓದಿಸಿ, ತಾಳೆ ನೋಡಿ ಒಂದು ಕಡತ ಮಾಡಿದ್ದೇವೆ. ಇಂಥದೇ ಕೆಲಸಕ್ಕೆ ಕೈ ಹಾಕುವವರಿಗೆ ಎಲ್ಲೆಲ್ಲಿ ತೊಡಕಾಗುತ್ತದೆ, ಯಾಕೆ ಆಗುತ್ತದೆ ಎಂಬುದು ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಟ್ರಂಕು ತೆಗೆಯುವ ಮೊದಲು ತೀರ್ಮಾನವಾಗಬೇಕಾದ ಮಾತೊಂದಿದೆ: ಆ ಹಿರಿಯರು ಯಾವ ಸರ್ಕಾರದ ಕೆಳಗೆ ಓದಿದರು, ಯಾವ ಸರ್ಕಾರದ ಸಂಬಳ ತಿಂದರು? ರಾಯಚೂರು, ಕೊಪ್ಪಳ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಕೊಪ್ಪಳ ಜಿಲ್ಲೆಯಾಗಿದ್ದು 1997ರಲ್ಲಿ. ಅಲ್ಲಿಯವರೆಗೆ ಅದರ ಶಿಕ್ಷಣ ಇಲಾಖೆಯ ಕಾಗದವೆಲ್ಲ ರಾಯಚೂರು ಜಿಲ್ಲೆಯ ಹೆಸರಿನಲ್ಲೇ ಇರುತ್ತದೆ. ಬಳ್ಳಾರಿಯ ದಾರಿ ಬೇರೆ. ಅದು ಮದ್ರಾಸ್ ಪ್ರಾಂತ್ಯದಲ್ಲಿದ್ದು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬಿಟ್ಟು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂತು. ನಡುವೆ ತುಂಗಭದ್ರೆ. ಹೊಳೆಯ ಆಚೆ ದಂಡೆಯ ಹುಡುಗ ಉರ್ದುವಿನಲ್ಲಿ ಗಣಿತ ಕಲಿಯುವ ಹೊತ್ತಿಗೆ ಈಚೆ ದಂಡೆಯವನು ಇಂಗ್ಲಿಷಿನಲ್ಲಿ ಕಲಿಯುತ್ತಿದ್ದ. ಇದು ಗೊತ್ತಿಲ್ಲದೆ ಹುಡುಕಲು ಹೊರಟರೆ ಬೆಂಗಳೂರಿನ ಕಚೇರಿಗಳಿಗೆ ಅರ್ಜಿ ಹಾಕಿ ಹಾಕಿ ಸೋಲುತ್ತೀರಿ. ಹಳೆಯ ಕಾಗದ ಇರುವುದು ಹೈದರಾಬಾದಿನಲ್ಲಿ, ಚೆನ್ನೈಯಲ್ಲಿ, ಧಾರವಾಡದಲ್ಲಿ.

ಇನ್ನು ಟ್ರಂಕು. ಮಾಸ್ತರರ ಮನೆಯ ಟ್ರಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಪಿಂಚಣಿ ಪಾವತಿ ಆದೇಶ, ಕೊನೆಯ ವೇತನ ಪ್ರಮಾಣಪತ್ರ, ವರ್ಗಾವಣೆ ಆದೇಶಗಳು, ಟಿ.ಸಿ., ಅಂಕಪಟ್ಟಿ, ಪದವಿ ಪತ್ರ, ಶಾಲೆಯ ಗ್ರೂಪ್ ಫೋಟೊ, ಬೀಳ್ಕೊಡುಗೆಯ ಮಾನಪತ್ರ. ಎಲ್ಲಕ್ಕಿಂತ ಮೊದಲು ಪಿಂಚಣಿ ಆದೇಶ ತೆಗೆಯಿರಿ. ಅದರಲ್ಲಿ ಹುಟ್ಟಿದ ದಿನಾಂಕ, ಸೇವೆಗೆ ಸೇರಿದ ದಿನಾಂಕ, ನಿವೃತ್ತಿಯ ದಿನಾಂಕ, ಕೊನೆಯ ಹುದ್ದೆ ಇಷ್ಟೂ ಒಂದೇ ಕಡೆ ಇರುತ್ತವೆ. ಉಳಿದ ಕಾಗದಗಳನ್ನು ಆ ಚೌಕಟ್ಟಿನೊಳಗೆ ಕೂರಿಸುತ್ತ ಹೋಗಬಹುದು.

ಪ್ರತಿ ಕಾಗದದ ಎರಡೂ ಬದಿ ಸ್ಕ್ಯಾನ್ ಮಾಡಬೇಕು. ಮುದ್ರೆ, ಜಾವಕ ಸಂಖ್ಯೆ (ಕಚೇರಿಯಿಂದ ಹೊರಗೆ ಕಳಿಸಿದ ಕಾಗದದ ಕ್ರಮಸಂಖ್ಯೆ), "ಹಾಜರಾದರು" ಎಂಬ ಷರಾ ಇವೆಲ್ಲ ಹಿಂಬದಿಯಲ್ಲೇ ಇರುತ್ತವೆ. ಮುಂಬದಿಯಲ್ಲಿ ವರ್ಗಾವಣೆ ಆದೇಶವಿದ್ದರೆ, ಅವರು ನಿಜಕ್ಕೂ ಆ ಊರಿಗೆ ಹೋದರೋ ಇಲ್ಲವೋ ಎಂಬುದು ಹಿಂಬದಿಗೆ ಗೊತ್ತು. ಸಾಮಾನ್ಯ ಕಾಗದಕ್ಕೆ 300 ಡಿಪಿಐ ಸಾಕು. ಉರ್ದು ಕೈಬರಹವಿದ್ದರೆ 600 ಇಡಿ, ಯಾಕೆಂದರೆ ಒಂದು ಚುಕ್ಕೆ ಹೋದರೆ ಅಕ್ಷರವೇ ಬೇರೆಯಾಗುತ್ತದೆ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಬಿಸಿಗೆ ಹಳೆಯ ಮಸಿ ಕದಡುತ್ತದೆ, ಒಮ್ಮೆ ಅಂಟಿದ ಪ್ಲಾಸ್ಟಿಕ್ ಕಾಗದವನ್ನು ಹರಿಯದೆ ಬಿಡುವುದಿಲ್ಲ. ಹರಿದಲ್ಲಿ ಸೆಲ್ಲೊಟೇಪ್ ಕೂಡ ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿ ಕಲೆಯಾಗಿ ಅಕ್ಷರ ನುಂಗುತ್ತದೆ. ಮಡಿಕೆ ಬಿಡಿಸಿ, ನಡುನಡುವೆ ತೆಳ್ಳನೆಯ ಬಟರ್ ಪೇಪರ್ ಇಟ್ಟು, ಅಟ್ಟೆಯ ಫೈಲಿನಲ್ಲಿ ಚಪ್ಪಟೆಯಾಗಿಟ್ಟರೆ ಸಾಕು. ಗುಂಡುಸೂಜಿ, ಸ್ಟೇಪಲ್ ಪಿನ್ನು ತೆಗೆದುಹಾಕಿ. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಹಳೆಯ ಕಾಗದ ಹಪ್ಪಳದಂತೆ ಮುರಿಯುತ್ತದೆ. ಬೇಸಿಗೆಯ ಮಧ್ಯಾಹ್ನದಲ್ಲಿ ಈ ಕೆಲಸ ಮಾಡಬಾರದು, ಮಳೆಗಾಲದ ಬೆಳಗ್ಗೆ ಮಾಡಿದರೆ ಮಡಿಕೆಗಳು ಮೆತ್ತಗೆ ಬಿಡುತ್ತವೆ.

ಜೊತೆಗೆ ಒಂದು ತಖ್ತೆ, ಅಂದರೆ ಕೋಷ್ಟಕ ಬೇಕು. ಕಾಗದದಲ್ಲಿ ಇದ್ದಂತೆಯೇ ಬರೆದ ದಿನಾಂಕಕ್ಕೆ ಒಂದು ಕಾಲಂ, ಇಂದಿನ ಕ್ಯಾಲೆಂಡರಿಗೆ ಪರಿವರ್ತಿಸಿದ ದಿನಾಂಕಕ್ಕೆ ಇನ್ನೊಂದು. ಹೆಸರಿಗೂ ಹಾಗೇ ಎರಡು. ಊರು, ಸಂಸ್ಥೆ, ತರಗತಿ ಅಥವಾ ಹುದ್ದೆ, ಸಂಬಳ, ಈ ಮಾಹಿತಿ ಯಾವ ಕಾಗದದಿಂದ ಬಂತು, ಅನುಮಾನ ಏನಿದೆ. ಮೂಲದಲ್ಲಿ ಇದ್ದದ್ದನ್ನು ನಿಮಗೆ ಸರಿ ಕಂಡಂತೆ ತಿದ್ದಿ ಬರೆಯುವ ಆಸೆ ಬರುತ್ತದೆ. ತಿದ್ದಿದಿರೋ, ಮುಂದೆ ಎರಡು ಕಾಗದ ಯಾಕೆ ತಾಳೆಯಾಗುತ್ತಿಲ್ಲ ಎಂದು ಕಂಡುಹಿಡಿಯುವ ದಾರಿಯೇ ಮುಚ್ಚಿಹೋಗುತ್ತದೆ.

ನಿಜಾಮರ ಕಾಲದ ಕಾಗದದಲ್ಲಿ ಮೊದಲ ಗಂಟು ಫಸಲಿ ಸನ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಶುರುವಾಗುತ್ತಿತ್ತು. ತಿಂಗಳುಗಳು ಆಜರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬಿಹಿಶ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್. ಆಜರ್ ಎಂದರೆ ಸುಮಾರು ಅಕ್ಟೋಬರ್, ಆಬಾನ್ ಎಂದರೆ ಸುಮಾರು ಸೆಪ್ಟೆಂಬರ್. ಆಜರಿನಿಂದ ಡಿಸೆಂಬರ್ ಮುಗಿಯುವವರೆಗೆ ಫಸಲಿಗೆ 590 ಕೂಡಿಸಬೇಕು, ಜನವರಿಯಿಂದ ಮುಂದಕ್ಕೆ 591. ಹೀಗಾಗಿ ಆಜರ್ 1352 ಎಂದರೆ ಅಕ್ಟೋಬರ್ 1942. ಅದೇ ಸನದ ಖುರ್ದಾದ್ ಎಂದರೆ ಏಪ್ರಿಲ್ 1943. ಬಹಮನ್ ತಿಂಗಳು ಡಿಸೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದವರೆಗೆ ಇರುವುದರಿಂದ ಅದರ ಕೊನೆಯ ದಿನಗಳನ್ನು ಎಚ್ಚರದಿಂದ ನೋಡಬೇಕು. ಎಷ್ಟೋ ಮನೆಗಳಲ್ಲಿ ಎಲ್ಲದಕ್ಕೂ 590 ಕೂಡಿಸಿಬಿಟ್ಟು ಅಜ್ಜನ ವಯಸ್ಸಿಗೆ ಒಂದು ವರ್ಷ ಹೆಚ್ಚಾಗಿರುತ್ತದೆ. ಬಳ್ಳಾರಿ ಕಡೆಯ ಜಮೀನಿನ ಕಾಗದದಲ್ಲೂ ಫಸಲಿ ಬರುತ್ತದೆ, ಆದರೆ ಮದ್ರಾಸಿನ ಫಸಲಿ ಜುಲೈ 1ಕ್ಕೆ ಶುರು. ಎರಡಕ್ಕೂ ಒಂದೇ ಲೆಕ್ಕ ಹಾಕಲಾಗದು.

ಎರಡನೆಯ ಗಂಟು ನಾಣ್ಯ. ಹೈದರಾಬಾದಿನಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ, ಬ್ರಿಟಿಷ್ ಸೀಮೆಯದು ಕಲದಾರ ರೂಪಾಯಿ. 100 ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ, ಅಂದರೆ 6 ಕಲದಾರಕ್ಕೆ 7 ಹಾಲಿ. ಕೊಪ್ಪಳದ ಮಾಸ್ತರರ ಸೇವಾ ಪುಸ್ತಕದಲ್ಲಿ (ನೌಕರಿಯ ವಿವರವೆಲ್ಲ ಬರೆದಿಡುವ ವಹಿ) ಹಾಲಿ 35 ಎಂದಿದ್ದು ಬಳ್ಳಾರಿಯ ಮಾಸ್ತರರದರಲ್ಲಿ 30 ಎಂದಿದ್ದರೆ ಕೊಪ್ಪಳದವರಿಗೆ ಹೆಚ್ಚು ಸಂಬಳ ಎಂದುಕೊಳ್ಳಬೇಡಿ. ಎರಡೂ ಒಂದೇ ಮೊತ್ತ. 1950ರ ದಶಕದಲ್ಲಿ ಹಾಲಿ ಹೋಗಿ ಭಾರತದ ನಾಣ್ಯ ಬಂದಾಗ ಸಂಬಳದ ಅಂಕಿ ದಿಢೀರನೆ ಇಳಿದಂತೆ ಕಾಣುತ್ತದೆ. ಮನೆಯಲ್ಲಿ ಅದನ್ನು ನೋಡಿದವರು "ಏನೋ ಶಿಕ್ಷೆ ಆಗಿರಬೇಕು, ಸಂಬಳ ಕಡಿಮಿ ಮಾಡ್ಯಾರ" ಎನ್ನುತ್ತಾರೆ. ಶಿಕ್ಷೆಯಲ್ಲ, ಬರೀ ಪರಿವರ್ತನೆ.

ಮೂರನೆಯದು ಓದಿಸುವುದು. ಸಂಸ್ಥಾನದ ಆಡಳಿತ ಭಾಷೆ ಉರ್ದು, ಕಚೇರಿಯ ಕೈಬರಹ ಶಿಕಸ್ತಾ, ಅಂದರೆ ಚುಕ್ಕೆ ಬಿಟ್ಟು ಅಕ್ಷರ ಕೂಡಿಸಿ ಓಡಿಸಿದ ಬರಹ. ಇಂದು ಉರ್ದು ಮಾಧ್ಯಮದಲ್ಲಿ ಓದಿದವರಿಗೂ ಇದು ಸಲೀಸಲ್ಲ. ಹಣದ ಮೊತ್ತ ಕೆಲವು ಕಾಗದಗಳಲ್ಲಿ ಅಂಕಿಯಲ್ಲಿರದೆ ಸಿಯಾಖ್ ರಖಂ ಎಂಬ ಲೆಕ್ಕದ ಬರಹದಲ್ಲಿರುತ್ತದೆ. ಅದನ್ನು ಓದುವವರು ಇನ್ನೂ ಕಡಿಮೆ. ರಾಯಚೂರಿನಲ್ಲಿ ಹಳೆಯ ದಸ್ತಾವೇಜು ಓದುವವರನ್ನು, ನಿವೃತ್ತ ಉರ್ದು ಶಿಕ್ಷಕರನ್ನು ಹುಡುಕಬೇಕು. ಅವರ ಬಳಿ ಹೋಗುವಾಗ ಬರೀ ಕಾಗದ ಒಯ್ದರೆ ಸಾಲದು; ಮನೆತನದ ಹೆಸರುಗಳು, ಸುತ್ತಲಿನ ಹಳ್ಳಿಗಳ ಹೆಸರುಗಳು, ತಾಲ್ಲೂಕಿನ ಹೆಸರು ಇವುಗಳ ಪಟ್ಟಿ ಕನ್ನಡದಲ್ಲಿ ಬರೆದು ಒಯ್ಯಿರಿ. ಉರ್ದು ಲಿಪಿಯಲ್ಲಿ ನಮ್ಮ "ಳ", "ಣ"ಗಳಿಗೆ ಅಕ್ಷರವಿಲ್ಲ. ಊ, ಓ, ವ ಮೂರಕ್ಕೂ ಒಂದೇ ಗುರುತು. ಕೊಪ್ಪಳ ಕೋಪಲ್ ಆಗುತ್ತದೆ, ಮಲ್ಲಣ್ಣ ಮಲ್ಲನ ಆಗುತ್ತಾನೆ. ಹಳ್ಳಿಗಳ ಪಟ್ಟಿ ಎದುರಿಗಿದ್ದರೆ ಓದುವವರು ಥಟ್ಟನೆ ಗುರುತಿಸುತ್ತಾರೆ. ಇಲ್ಲದಿದ್ದರೆ ನಕ್ಷೆಯಲ್ಲೇ ಇಲ್ಲದ ಊರೊಂದು ನಿಮ್ಮ ಅಜ್ಜನ ಸೇವೆಗೆ ಸೇರಿಬಿಡುತ್ತದೆ.

ಅಂಥ ಸೇವಾ ಪುಸ್ತಕದ ಒಂದು ಪುಟ ಹೇಗಿರುತ್ತದೆ ನೋಡಿ. ಬಲದಿಂದ ಎಡಕ್ಕೆ ಕಾಲಂಗಳು. ಮೊದಲು ಹುದ್ದೆ, "ಮುದರ್ರಿಸ್" ಎಂದಿರುತ್ತದೆ, ಶಿಕ್ಷಕ ಎಂದರ್ಥ. ಆಮೇಲೆ ಕಾಯಂ ಹೌದೋ ಅಲ್ಲವೋ. "ಮುನ್ಸರಿಮ್" ಎಂದಿದ್ದರೆ ಹಂಗಾಮಿ. ಸಂಬಳ, ತಾರೀಖು, ಕಾರಣ, ಮೇಲಧಿಕಾರಿಯ ಸಹಿ. 1357ರ ಕೊನೆಯ ಸಾಲುಗಳವರೆಗೆ ಉರ್ದು. ಅದೇ ಪುಟದ ಕೆಳಗೆ ಬೇರೊಂದು ಕೈ, ಬೇರೊಂದು ಮಸಿ, ಇಂಗ್ಲಿಷ್ ಅಕ್ಷರ, ಕ್ರಿಸ್ತಶಕದ ತಾರೀಖು. ಅದೇ ಮನುಷ್ಯ, ಅದೇ ಶಾಲೆ, ಅದೇ ಸಂಬಳ. ನಡುವೆ ಆದದ್ದು ಹೈದರಾಬಾದನ್ನು ಭಾರತಕ್ಕೆ ಸೇರಿಸಿದ, 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ. ಇನ್ನೂ ಕೆಲವು ಪುಟ ತಿರುಗಿಸಿದರೆ 1956ರ ನಂತರದ ಮೈಸೂರು ರಾಜ್ಯದ ಮುದ್ರೆ. ಒಂದೇ ಹೊಲಿಗೆಯ ಪುಸ್ತಕದಲ್ಲಿ ಮೂರು ಆಡಳಿತ. ಇಂಥ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ಅದು ಆ ಮನೆಯ ಆಸ್ತಿಯಷ್ಟೇ ಅಲ್ಲ, ಈ ಸೀಮೆಯದು.

1947–48ರ ನಡುವೆ ಹಲವರ ಓದಿನಲ್ಲೂ ನೌಕರಿಯಲ್ಲೂ ಒಂದು ಖಾಲಿ ಜಾಗ ಕಾಣುತ್ತದೆ. ನಿಜಾಮರ ಪರ ನಿಂತ ರಜಾಕಾರರೆಂಬ ಪಡೆಯ ಗಲಾಟೆಗೆ ಎಷ್ಟೋ ಕುಟುಂಬಗಳು ಗಡಿ ದಾಟಿ ಗದಗ, ಮುಂಡರಗಿ, ಗಜೇಂದ್ರಗಡ, ಹೊಸಪೇಟೆ ಕಡೆ ಹೋಗಿದ್ದವು. ಆ ವರ್ಷದ ದಾಖಲೆಯನ್ನು ಸ್ವಂತ ಊರಿನ ಶಾಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಗಡಿಯಾಚೆಯ ಶಾಲೆಗಳ ದಾಖಲಾತಿ ವಹಿಯಲ್ಲಿ ನೋಡಬೇಕು. ಹಿರಿಯರನ್ನು ಕೇಳುವಾಗಲೂ "ಯಾವ ಇಸವಿ?" ಎಂದರೆ ಪ್ರಯೋಜನವಿಲ್ಲ. "ರಜಾಕಾರರ ಗದ್ದಲದ ಮೊದಲೋ ಆಮೇಲೋ?", "ಡ್ಯಾಮಿಗೆ ನೀರು ನಿಲ್ಲಿಸುವಾಗ ನೀವು ಎಷ್ಟನೇ ಇಯತ್ತೆ?" ಎಂದು ಕೇಳಿದರೆ ತಾವಾಗಿಯೇ ಬಿಚ್ಚಿಕೊಳ್ಳುತ್ತಾರೆ. ತುಂಗಭದ್ರಾ ಅಣೆಕಟ್ಟೆಗೆ ನೀರು ನಿಂತದ್ದು 1953ರಲ್ಲಿ. ಆ ಒಂದು ಗೆರೆ ಹಿಡಿದು ಹಿಂದೆ ಮುಂದೆ ಲೆಕ್ಕ ಹಾಕಬಹುದು.

ಪದವಿ ಪತ್ರಗಳ ವಿಷಯಕ್ಕೆ ಬಂದರೆ, ಒಂದೇ ಜಿಲ್ಲೆಯ ಒಂದೇ ವಯಸ್ಸಿನವರ ಕೈಯಲ್ಲಿ ಮೂರು ವಿಶ್ವವಿದ್ಯಾಲಯಗಳ ಕಾಗದ ಕಾಣುತ್ತದೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೇ ಉರ್ದುವಿನಲ್ಲಿತ್ತು. ವಿಜ್ಞಾನ, ಕಾನೂನು ಸಹ. ಇಂಗ್ಲಿಷಿನಲ್ಲಿ ಓದಬೇಕೆಂದವರು ಹೈದರಾಬಾದಿನ ನಿಜಾಂ ಕಾಲೇಜಿಗೆ ಹೋಗುತ್ತಿದ್ದರು. ಅದು 1947ರವರೆಗೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ರಾಯಚೂರು ಬಿಟ್ಟು ಮದ್ರಾಸಿನ ಮುಖವನ್ನೇ ನೋಡದವರ ಹತ್ತಿರ ಮದ್ರಾಸಿನ ಬಿ.ಎ. ಇದ್ದರೆ ಗಾಬರಿಯಾಗಬೇಕಿಲ್ಲ. ಕನ್ನಡದ ನೆಲೆ ಬೇಕೆಂದವರು ಧಾರವಾಡದ ಕರ್ನಾಟಕ ಕಾಲೇಜು ಸೇರಿದರು. 1950ಕ್ಕೆ ಮೊದಲಿನ ಅವರ ಪದವಿ ಮುಂಬಯಿ ವಿಶ್ವವಿದ್ಯಾಲಯದ್ದು. ಉರ್ದುವಿನಲ್ಲಿ ಓದಿದ ಈ ತಲೆಮಾರು ಕನ್ನಡಕ್ಕೆ ಎರವಾಯಿತು ಎಂದು ಕೆಲವರು ಹೇಳುವುದನ್ನು ನಾವು ಒಪ್ಪುವುದಿಲ್ಲ. ರಾಯಚೂರಿನ ಶಾಂತರಸರು ಉರ್ದುವಿನಲ್ಲಿ ಓದಿ ಬಂದು ಕನ್ನಡ ಪಾಠ ಹೇಳಿದರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಕೂಡ ಕನ್ನಡ ಅಧ್ಯಾಪಕಿಯಾದರು. ತಂದೆ ಮಗಳು ಇಬ್ಬರೂ ಕನ್ನಡದಲ್ಲಿ ಗಜಲ್ ಬರೆದರು. ಆ ಓದು ಎಲ್ಲಿಗೆ ಹರಿಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬಳ್ಳಾರಿ ಕಡೆಯ ಕಾಗದ ಓದಲು ಸುಲಭ, ಹುಡುಕಲು ಕಷ್ಟ. ಮದ್ರಾಸ್ ಪ್ರಾಂತ್ಯದಲ್ಲಿ ಹೈಸ್ಕೂಲಿನ ತರಗತಿಗಳನ್ನು ಫಾರಂ ಎನ್ನುತ್ತಿದ್ದರು. ಆರನೇ ಫಾರಂ ಮುಗಿಸಿದವರು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುತ್ತಿದ್ದರು. ಆಗಿನ ಎಸ್.ಎಸ್.ಎಲ್.ಸಿ. ಎಂದರೆ ಒಂದು ಹಾಳೆಯಲ್ಲ, ರಟ್ಟು ಹಾಕಿದ ಪುಸ್ತಕ. ಅದರಲ್ಲಿ ಶಾಲೆಯ ಅಂಕಗಳೂ ಸಾರ್ವಜನಿಕ ಪರೀಕ್ಷೆಯ ಅಂಕಗಳೂ ಇರುತ್ತವೆ. ಆಮೇಲೆ ಎರಡು ವರ್ಷ ಇಂಟರ್‌ಮೀಡಿಯೆಟ್, ಎರಡು ವರ್ಷ ಬಿ.ಎ. 1945ರಲ್ಲಿ ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಶುರುವಾಗುವ ಮೊದಲು ಪದವಿಗೆ ಹೊರಗೆ ಹೋಗಬೇಕಿತ್ತು; ಹತ್ತಿರವೆಂದರೆ ಅನಂತಪುರದ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜು, 1916ರದ್ದು. ಹೆಸರಿನ ಮುಂದೆ ಎಲ್.ಟಿ. ಎಂದಿದ್ದರೆ ಅದು ಶಿಕ್ಷಕರ ತರಬೇತಿಯ ಪದವಿ. ಆಮೇಲೆ ಅದು ಬಿ.ಟಿ. ಆಯಿತು, ಈಗ ಬಿ.ಇಡಿ. ಪದವೀಧರರ ಹೆಸರು ಮದ್ರಾಸ್ ವಿಶ್ವವಿದ್ಯಾಲಯದ ಹಳೆಯ ಕ್ಯಾಲೆಂಡರ್ ಪುಸ್ತಕಗಳಲ್ಲಿ ವರ್ಷವಾರು ಅಚ್ಚಾಗಿರುತ್ತದೆ. ಶಾಲೆ ಯಾರದಿತ್ತು ಎಂಬುದನ್ನು ಮಾತ್ರ ಮೊದಲು ತಿಳಿದುಕೊಳ್ಳಿ. ಲಂಡನ್ ಮಿಷನ್ನಿನ ವಾರ್ಡ್ಲಾ ಶಾಲೆಯೋ, ಜಿಲ್ಲಾ ಬೋರ್ಡಿನದೋ, ಪುರಸಭೆಯದೋ? ಬೋರ್ಡ್ ಶಾಲೆಯ ವಹಿಗಳು ಅದರ ಕಟ್ಟಡದಲ್ಲೀಗ ಇರುವ ಸರ್ಕಾರಿ ಶಾಲೆಗೆ ಬಂದಿರುತ್ತವೆ.

ಶಾಲೆಗೆ ಹೋಗಿ ಹುಡುಕುವುದಕ್ಕೂ ಕಾಲವಿದೆ. ಜೂನ್, ಜುಲೈನಲ್ಲಿ ದಾಖಲಾತಿ, ಮಾರ್ಚ್ ಏಪ್ರಿಲ್‌ನಲ್ಲಿ ಪರೀಕ್ಷೆ. ಆಗ ಹೋದರೆ ಮುಖ್ಯ ಗುರುಗಳಿಗೂ ತೊಂದರೆ, ನಿಮಗೂ ಬರಿಗೈ. ಆಗಸ್ಟ್, ಸೆಪ್ಟೆಂಬರ್ ಒಳ್ಳೆಯದು. ಅರ್ಜಿಯಲ್ಲಿ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಹುಟ್ಟೂರು, ಮೂರು ವರ್ಷದ ಅಂದಾಜು ಕೊಡಿ. ದಾಖಲಾತಿ ವಹಿ ಶಾಶ್ವತ ದಾಖಲೆ. ಅದರಲ್ಲಿ ಕ್ರಮಸಂಖ್ಯೆ, ಹುಟ್ಟಿದ ದಿನ, ಹಿಂದಿನ ಶಾಲೆ, ಸೇರಿದ ತರಗತಿ, ಬಿಟ್ಟ ದಿನ, ಟಿ.ಸಿ. ಸಂಖ್ಯೆ ಇರುತ್ತವೆ. "ಹಿಂದಿನ ಶಾಲೆ" ಎಂಬ ಕಾಲಂ ಬಿಡಬೇಡಿ, ಮುಂದಿನ ಹುಡುಕಾಟಕ್ಕೆ ದಾರಿ ಅಲ್ಲೇ ಇದೆ. ನಿಮಗೆ ಬೇಕಾದ್ದು ವ್ಯಾಸಂಗ ಪ್ರಮಾಣಪತ್ರ; ಶಾಲೆಯವರು ಕೊಟ್ಟದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಿದರೆ ಎಲ್ಲ ಕಚೇರಿಯಲ್ಲೂ ನಡೆಯುತ್ತದೆ. ವಹಿಯ ಪುಟಪುಟವೂ ಜೂನ್ 1 ಎಂಬ ಹುಟ್ಟುದಿನದಿಂದ ತುಂಬಿದ್ದರೆ ಅಚ್ಚರಿಪಡಬೇಡಿ. ಶಾಲೆಗೆ ಸೇರಿಸುವ ದಿನ ವಯಸ್ಸು ಸರಿಹೊಂದಿಸಲು ಮಾಸ್ತರರೇ ಬರೆದದ್ದು ಅದು. ಕಚೇರಿ ಕೆಲಸಕ್ಕೆ ಸಾಮಾನ್ಯವಾಗಿ ಎಸ್.ಎಸ್.ಎಲ್.ಸಿ.ಯ ದಿನಾಂಕವೇ ಪ್ರಮಾಣ, ನಿಜವಾದ ಹುಟ್ಟುದಿನ ಬೇಕಿದ್ದರೆ ಜಾತಕ ನೋಡಿ.

ತೀರಿಕೊಂಡವರ ಸೇವಾ ಪುಸ್ತಕದ ನಕಲಿಗೆ ಮಾಹಿತಿ ಹಕ್ಕಿನ ಅರ್ಜಿಯನ್ನೇ ಮೊದಲು ಹಾಕುವವರಿದ್ದಾರೆ. 10 ರೂಪಾಯಿ ಶುಲ್ಕ, 30 ದಿನದ ಗಡುವು, ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು. ಆದರೆ ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸಲು ಅಲ್ಲಿ ಅವಕಾಶವಿದೆ. ಅದರ ಬದಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಪಿಂಚಣಿ ಆದೇಶದ ನಕಲು ಇಟ್ಟು, ವಾರಸುದಾರರೆಂದು ಹೇಳಿಕೊಂಡು, ಅವರು ನಿವೃತ್ತರಾದ ಕಚೇರಿಯ ಬಟವಾಡೆ ಅಧಿಕಾರಿಗೇ ನೇರವಾಗಿ ಬರೆಯುವುದು ಒಳ್ಳೆಯದು. ಪ್ರಾಥಮಿಕ ಶಾಲೆಯವರಾದರೆ ಅದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ.

ಎರಡನೇ ತಲೆಮಾರಿನ ಕಾಗದದಲ್ಲಿ ಭಾಷೆಯ ತೊಡಕಿಲ್ಲ, ಹೆಸರು ಬದಲಾಗುವುದರ ತೊಡಕು ಇದೆ. 1960, 70ರ ದಶಕದಲ್ಲಿ ಪದವಿ ಪಡೆದವರದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಕಲಬುರಗಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರ 1970ರಲ್ಲಿ ಬಂತು, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಬಳ್ಳಾರಿಗೆ ಸ್ವಂತ ವಿಶ್ವವಿದ್ಯಾಲಯ ಸಿಕ್ಕಿದ್ದು 2010ರಲ್ಲಿ. ಓದಿದ ಕಾಲೇಜು ಒಂದೇ ಇದ್ದರೂ ಅಣ್ಣನ ನಕಲು ಪತ್ರಕ್ಕೆ ಧಾರವಾಡಕ್ಕೆ, ತಮ್ಮನದಕ್ಕೆ ಕಲಬುರಗಿಗೆ, ಮೊಮ್ಮಗಳದಕ್ಕೆ ಬಳ್ಳಾರಿಗೆ ಹೋಗಬೇಕಾಗುತ್ತದೆ. ಪಿ.ಯು.ಸಿ. ಒಂದು ವರ್ಷದ್ದಾಗಿದ್ದ ಕಾಲದಲ್ಲಿ ಅದನ್ನು ನಡೆಸುತ್ತಿದ್ದದ್ದು ವಿಶ್ವವಿದ್ಯಾಲಯವೇ. ಆ ಅಂಕಪಟ್ಟಿಗೆ ಪದವಿಪೂರ್ವ ಇಲಾಖೆಯ ಬಾಗಿಲು ತಟ್ಟಿ ಫಲವಿಲ್ಲ.

ಕಾಲೇಜು ಅಧ್ಯಾಪಕರ ಕಾಗದದಲ್ಲಿ ದಿನಾಂಕ ಅಳಿಸಿಹೋಗಿದ್ದರೆ ವೇತನ ಶ್ರೇಣಿ ನೋಡಿ ಕಾಲ ಹೇಳಬಹುದು. ಉಪನ್ಯಾಸಕರ ಯುಜಿಸಿ ಶ್ರೇಣಿ 700–1600 ಇದ್ದರೆ 1973ರದ್ದು, 2200–4000 ಆದರೆ 1986ರದ್ದು, 8000–13500 ಆದರೆ 1996ರದ್ದು, 15600–39100 ಆದರೆ 2006ರದ್ದು, ಆರಂಭಿಕ ಮೂಲವೇತನ 57700 ಆದರೆ 2016ರದ್ದು. ಶ್ರೇಣಿ ಹಿಂದಿನ ದಿನಾಂಕದಿಂದ ಜಾರಿಗೆ ಬಂದಿರುತ್ತದೆ, ಪುಸ್ತಕದಲ್ಲಿ ಬರೆದದ್ದು ವರ್ಷಗಳ ನಂತರ. ತಖ್ತೆಯಲ್ಲಿ ಜಾರಿಯಾದ ದಿನವನ್ನೂ ನಮೂದಿಸಿದ ದಿನವನ್ನೂ ಬೇರೆ ಬೇರೆ ಹಾಕಿ. "ರೀಡರ್" ಎಂಬ ಹುದ್ದೆ ಕಂಡು ಕೋರ್ಟಿನ ಕೆಲಸವೋ ಎಂದು ಇಂದಿನ ಮಕ್ಕಳು ಕೇಳುತ್ತಾರೆ. ಈಗಿನ ಅಸೋಸಿಯೇಟ್ ಪ್ರೊಫೆಸರ್ ಅದು.

ಈ ಕೆಲಸದಲ್ಲಿ ನಮಗೆ ಅತಿ ಮುಖ್ಯವೆನಿಸಿದ್ದು ಹೆಣ್ಣುಮಕ್ಕಳ ಸಾಲು. ವಂಶವೃಕ್ಷ ಬರೆಸಿದಾಗ ಮದುವೆಯಾಗಿ ಹೋದವರನ್ನು ಕೈಬಿಟ್ಟಿರುತ್ತಾರೆ, ಆದರೆ ಶಾಲೆಯ ಹಾಜರಿ ಪುಸ್ತಕ ಬಿಟ್ಟಿರುವುದಿಲ್ಲ. ಸೋದರತ್ತೆಯೊಬ್ಬರು ಏಳನೆಯದಕ್ಕೆ ಶಾಲೆ ಬಿಟ್ಟು ಮದುವೆಯಾಗಿ, ಮಕ್ಕಳು ದೊಡ್ಡವರಾದ ಮೇಲೆ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟಿ, ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಮಾಡಿ, ನೌಕರಿಯಲ್ಲಿದ್ದುಕೊಂಡೇ ಬಿ.ಎ., ಎಂ.ಎ. ಮುಗಿಸಿದ್ದು ಇಂಥ ಮನೆಗಳಲ್ಲಿ ಸಾಮಾನ್ಯ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣ ತೆರೆದದ್ದು ಇವರಿಗೆಲ್ಲ ದೊಡ್ಡ ಬಾಗಿಲಾಯಿತು. ಹೀಗೆ ಓದಿದವರ ಕಾಗದ ಮೂರು ಹೆಸರಿನಲ್ಲಿರುತ್ತದೆ: ತವರಿನ ಇನಿಶಿಯಲ್ಲಿನ ಕುಮಾರಿ, ಗಂಡನ ಹೆಸರು ಸೇರಿದ ಶ್ರೀಮತಿ, ಬ್ಯಾಂಕಿನಲ್ಲಿ ಮತ್ತೊಂದು. ಮೂರೂ ಒಬ್ಬರೇ ಎಂದು ತೋರಿಸಲು ಮದುವೆಯ ಲಗ್ನಪತ್ರಿಕೆ, ಹೆಸರು ಬದಲಾವಣೆಯ ಪ್ರಮಾಣಪತ್ರ, ಸೇವಾ ಪುಸ್ತಕದ ಮೊದಲ ಪುಟ ಈ ಮೂರನ್ನು ಜೋಡಿಸಿಡಬೇಕು. ಕುಟುಂಬ ಪಿಂಚಣಿ ಕೇಳುವಾಗ ಮೊದಲು ತಡೆ ಬೀಳುವುದು ಇಲ್ಲೇ. ನಮ್ಮ ಮಾತು ಕೇಳುವುದಾದರೆ, ಇವರ ಹೆಸರನ್ನು ತಖ್ತೆಯಲ್ಲಿ ಓದಿದಾಗ ಇದ್ದಂತೆಯೇ ಮೊದಲ ಕಾಲಂನಲ್ಲಿ ಬರೆಯಿರಿ.

ಹಳೆಯ ಟ್ರಂಕಿನಲ್ಲಿ ಮುಲ್ಕಿ ಸರ್ಟಿಫಿಕೇಟ್ ಸಿಕ್ಕರೆ ಅದನ್ನು ಬೇರೆ ಇಡಿ. ಸಂಸ್ಥಾನದ ನೌಕರಿ ಸ್ಥಳೀಯರಿಗೇ ಸಿಗಬೇಕೆಂದು ನಿಜಾಮ ಸರ್ಕಾರ 1919ರಲ್ಲಿ ನಿಯಮ ಮಾಡಿತ್ತು. 15 ವರ್ಷ ನೆಲೆಸಿದವರಿಗೆ ಮುಲ್ಕಿ ಪಟ್ಟ. ಅದೇ ಮನೆಯ ಮೊಮ್ಮಕ್ಕಳು ಇಂದು, ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗುತ್ತಾರೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಸೌಲಭ್ಯಕ್ಕೆ ಮುಖ್ಯವಾಗಿ ಇಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮೊದಲು 10 ವರ್ಷ ನೆಲೆಸಿರಬೇಕು. 1948ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಇಲ್ಲದಿದ್ದರೂ ಬಳ್ಳಾರಿಯನ್ನೂ ಇದಕ್ಕೆ ಸೇರಿಸಲಾಗಿದೆ. ಹುಟ್ಟು ಪ್ರಮಾಣಪತ್ರ ಇಲ್ಲದವರಿಗೆ ವ್ಯಾಸಂಗ ಪ್ರಮಾಣಪತ್ರವೇ ಆಧಾರ. ತಂದೆ ವರ್ಗಾವಣೆಯ ಮೇಲೆ ಬೇರೆ ಜಿಲ್ಲೆಯಲ್ಲಿದ್ದಾಗ ಹುಟ್ಟಿ, ಅಲ್ಲೇ ಒಂದೆರಡು ತರಗತಿ ಓದಿದ ಮಾಸ್ತರರ ಮಕ್ಕಳಿಗೆ ತೊಡಕಾಗುವುದು ಇದೇ ಕಾರಣಕ್ಕೆ. ಆಗ ತಂದೆಯ ಸೇವಾ ಪುಸ್ತಕದ ವರ್ಗಾವಣೆ ಪುಟ ಕೆಲಸಕ್ಕೆ ಬರುತ್ತದೆ.

ಪಿಎಚ್.ಡಿ. ಮಾಡಿದವರದು ಆರು ದಿನಾಂಕಗಳ ಸರಣಿ: ನೋಂದಣಿ, ಪ್ರಬಂಧಪೂರ್ವ ಮಂಡನೆ, ಪ್ರಬಂಧ ಸಲ್ಲಿಕೆ, ಮೌಖಿಕ ಪರೀಕ್ಷೆ, ಅಧಿಸೂಚನೆ, ಘಟಿಕೋತ್ಸವ. ಪದವಿ ಬಂದ ದಿನವೆಂದು ನೌಕರಿಗೆ ಲೆಕ್ಕಕ್ಕೆ ಬರುವುದು ಅಧಿಸೂಚನೆಯ ದಿನ. 2009ರ ಜುಲೈ 11ಕ್ಕೆ ಮೊದಲು ನೋಂದಾಯಿಸಿದವರಿಗೆ ಷರತ್ತುಗಳೊಡನೆ ಎನ್‌ಇಟಿಯಿಂದ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ವಿನಾಯಿತಿ ಇರುವುದರಿಂದ ನೋಂದಣಿ ಪತ್ರವನ್ನು ಪದವಿ ಪತ್ರದಷ್ಟೇ ಜೋಪಾನ ಮಾಡಬೇಕು. ಹಳೆಯ ಪ್ರಬಂಧಗಳು ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ರಟ್ಟು ಹಾಕಿದ ಪ್ರತಿ ಇರುತ್ತದೆ. ಅದರ ಕೃತಜ್ಞತೆಯ ಪುಟವನ್ನು ತಪ್ಪದೆ ನಕಲು ಮಾಡಿ. ಯಾರು ಹಣ ಕೊಟ್ಟರು, ಯಾರ ಮನೆಯಲ್ಲಿ ಉಳಿದರು, ಯಾವ ಗುರು ದಾರಿ ತೋರಿದರು ಎಂಬುದು ಬೇರೆ ಯಾವ ದಾಖಲೆಯಲ್ಲೂ ಸಿಗದು.

ಕೊನೆಗೆ ಈಗ ಪಾಠ ಹೇಳುತ್ತಿರುವವರು. ಉರ್ದು ಕಲಿತು ಹಾಲಿ 35ಕ್ಕೆ ದುಡಿದ ಅಜ್ಜನ ಒಂದೊಂದು ರಜೆಯೂ ಸೇವಾ ಪುಸ್ತಕದಲ್ಲಿದೆ. ಎಂ.ಎ., ಎನ್‌ಇಟಿ, ಪಿಎಚ್.ಡಿ. ಮೂರೂ ಇರುವ ಮೊಮ್ಮಗಳು ಅತಿಥಿ ಉಪನ್ಯಾಸಕಿ. ಅವಳಿಗೆ ಸೇವಾ ಪುಸ್ತಕವೇ ಇಲ್ಲ. ವರ್ಷಾನುಗಟ್ಟಲೆ ಹೇಳಿದ ಪಾಠಕ್ಕೆ ಸರ್ಕಾರದ ಕಡೆ ಒಂದೇ ಕಡೆ ಬರೆದ ದಾಖಲೆ ಇಲ್ಲದಿರುವುದು ಅನ್ಯಾಯ, ಅದು ಸರಿಹೋಗಬೇಕು. ಸರಿಹೋಗುವವರೆಗೆ ಅವರ ಪುಸ್ತಕವನ್ನು ಅವರೇ ಕಟ್ಟಿಕೊಳ್ಳಬೇಕು. ಪ್ರತಿ ಶೈಕ್ಷಣಿಕ ವರ್ಷಕ್ಕೆ ಒಂದು ಲಕೋಟೆ ಮಾಡಿ. ಅದರಲ್ಲಿ ಆಯ್ಕೆ ಪಟ್ಟಿಯ ಪುಟ, ಕಾರ್ಯಾದೇಶ, ಸೇರಿದ ವರದಿ, ವೇಳಾಪಟ್ಟಿ, ಸಂಭಾವನೆ ಜಮೆಯಾದ ಬ್ಯಾಂಕ್ ವಿವರ, ಬಿಡುಗಡೆ ಪತ್ರ ಇರಲಿ. ಸೇವಾ ಪ್ರಮಾಣಪತ್ರವನ್ನು ವರ್ಷ ಮುಗಿದ ಕೂಡಲೇ ಪ್ರಾಂಶುಪಾಲರಿಂದ ಪಡೆಯಿರಿ. ಅವರು ವರ್ಗವಾದರೆ ಮುಂದಿನವರು ಕಡತ ನೋಡದೆ ಸಹಿ ಮಾಡುವುದಿಲ್ಲ, ಕಡತ ಸಿಗುವುದೂ ಇಲ್ಲ. ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾವ ವಿಷಯ, ಆಗ ಇದ್ದ ವಿದ್ಯಾರ್ಹತೆ, ತಿಂಗಳ ಸಂಭಾವನೆ ಇಷ್ಟೂ ನಮೂದಾಗಿರಬೇಕು. "ಸೇವೆ ತೃಪ್ತಿಕರವಾಗಿದೆ" ಎಂಬ ಒಂದೇ ಸಾಲಿನ ಪತ್ರ ಕೊಟ್ಟರೆ ಒಪ್ಪಿಕೊಳ್ಳದೆ, "ಸರ್, ತಾರೀಖು ಗಂಟೆ ಹಾಕಿ ಕೊಡ್ರಿ" ಎಂದು ಕೇಳಿ ಬರೆಸಿಕೊಳ್ಳಿ. ಕಾಲೇಜಿನ ಗುಂಡು ಮುದ್ರೆ, ಜಾವಕ ಸಂಖ್ಯೆ ಇವೆಯೇ ನೋಡಿ. ಆ ದಿನವೇ ಸ್ಕ್ಯಾನ್ ಮಾಡಿ, ಒಂದು ನಕಲನ್ನು ಊರಿನ ಮನೆಯಲ್ಲಿ, ಅಜ್ಜನ ಪುಸ್ತಕವಿರುವ ಅಟ್ಟೆಯ ಫೈಲಿನ ಮುಂದಿನ ಫೈಲಿನಲ್ಲಿ ಇಡಿ.